ಪೊಲೀಸಪ್ಪನ ಪಾಳಿ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳ ಮೇಲಾಯಿತು. ಕಾರಣ ಹೊಸದೇನಲ್ಲ, ಆನ್-ಕಾಲ್ ಡ್ಯೂಟಿ. ನಮ್ಮ ಟೀಮಿನಲ್ಲಿ ಆರು ಜನ, ಸರದಿ ಮೇಲೆ ಒಬ್ಬೊಬ್ಬರಿಗೆ ಒಂದೊಂದು ವಾರ. ರಾತ್ರಿ ಎರಡೂವರೆಗೆ ಫೋನ್ ಅರಚಿಕೊಂಡರೆ ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆಗೆದು ಕೂರಬೇಕು. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ, ಇಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಇದೇ ಜಾತಿ :-)

ಆದರೆ ನನ್ನ ಗೋಳು ಹೇಳಿಕೊಳ್ಳೋಕೆ ಬಂದದ್ದಲ್ಲ. ಮೊನ್ನೆ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬ, ರಾತ್ರಿ ನಾಕಾಬಂದಿಯಲ್ಲಿ ಪೊಲೀಸರೊಬ್ಬರು ತನ್ನ ಮೇಲೆ ಸುಮ್ಮಸುಮ್ಮನೆ ಕೂಗಾಡಿದ್ದನ್ನು ಹೇಳಿ, "ಈ ಪೊಲೀಸರು ಹುಟ್ಟಾ ಒರಟರು ಕಣಯ್ಯಾ" ಅಂದ. ಟೇಬಲ್ಲಿನ ಸುತ್ತ ಕೂತಿದ್ದ ಎಲ್ಲರ ಹತ್ತಿರವೂ ಅಂಥದೊಂದು ಕಥೆ ಇತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಆ ಪೊಲೀಸರು ಡ್ಯೂಟಿಗೆ ಬಂದು ಎಷ್ಟು ಹೊತ್ತಾಗಿತ್ತು? ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಅನ್ನಿಸಿರಲಿಲ್ಲ. ನಮ್ಮ ಸರ್ವರ್ ಬಿದ್ದಾಗ ಮಾತ್ರ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಯಾರು ಎಷ್ಟು ಹೊತ್ತಿನಿಂದ ಕೂತಿದ್ದಾರೆ, ಅವರನ್ನು ಮನೆಗೆ ಕಳಿಸಿ, ಬೇರೆಯವರನ್ನು ಕೂರಿಸಿ ಅಂತ.

ಆ ಪ್ರಶ್ನೆಯ ಹಿಂದೆ ಬಿದ್ದು ಓದಿದ್ದನ್ನು, ಅದರ ಮೇಲೆ ನನಗನ್ನಿಸಿದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಳ್ಳಿ.

ನಾನು ಬೆಳೆದ ಊರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯೇ ಪೊಲೀಸ್ ಕ್ವಾರ್ಟರ್ಸ್. ನಮ್ಮ ಕ್ರಿಕೆಟ್ ಅಲ್ಲೇ. ಆಡುವ ಮೊದಲು ಅಲ್ಲಿನ ಗೆಳೆಯನೊಬ್ಬ ಯಾವ ಮನೆಯ ಮುಂದೆ ಆಡಬಾರದು ಅಂತ ಹೇಳುತ್ತಿದ್ದ. "ಇವತ್ತು ನಮ್ಮನೆ ಮುಂದೆ ಬೇಡ, ಅಪ್ಪ ನೈಟ್ ಮುಗಿಸಿ ಮಲಗಿದಾರೆ." ಮಧ್ಯಾಹ್ನ ಹನ್ನೆರಡರ ಬಿಸಿಲು, ಮೇಲೆ ಶೀಟಿನ ಮನೆ, ಕಿಟಕಿಗೆ ಹಳೇ ಸೀರೆ ಕಟ್ಟಿರುತ್ತಿದ್ದರು. ಅಷ್ಟಾದರೂ ಎರಡು ಗಂಟೆಗೆಲ್ಲ ಅವರು ಎದ್ದು ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದದ್ದು ನೆನಪಿದೆ. ಆಗ ನಮಗೆ ಅದು ಬರೀ ಸಿಡುಕು ಮುಖ. ಸಂಜೆ ಏನೋ ಜಾತ್ರೆಯ ಬಂದೋಬಸ್ತ್ ಅಂತ ಮತ್ತೆ ಹೊರಟುಹೋಗುತ್ತಿದ್ದರು.

ಆ ಸಿಡುಕಿಗೆ ಕಾರಣ ದೇಹದ ಒಳಗಿನ ಗಡಿಯಾರ. 2017ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಇದು ಜೀವಕೋಶದೊಳಗೆ ಹೇಗೆ ನಡೆಯುತ್ತೆ ಅಂತ ತೋರಿಸಿದ ಮೂವರಿಗೆ. ರಾತ್ರಿಯಿಡೀ ಎದ್ದಿದ್ದು ಬೆಳಿಗ್ಗೆ ಮಲಗಿದರೆ ದೇಹ ಅದನ್ನು ರಾತ್ರಿ ಅಂತ ಒಪ್ಪುವುದಿಲ್ಲ. ಸೂರ್ಯ ಮೇಲಿದ್ದಾನೆ, ದೇಹದ ಉಷ್ಣತೆ ಏರುತ್ತಿದೆ, ನಿದ್ದೆ ತರುವ ಮೆಲಟೋನಿನ್ ಇಳಿದಿದೆ. ಹಾಗಾಗಿ ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಎಷ್ಟೋ ಕಡಿಮೆ, ಮತ್ತು ಹಗುರ. ಬೆಳಗಿನ ಜಾವ ಮೂರರಿಂದ ಐದರವರೆಗೆ ದೇಹ ತೀರಾ ತಳ ಮುಟ್ಟಿರುತ್ತೆ. ಇದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಡಿದರೆ ರಕ್ತದೊತ್ತಡ, ಸಕ್ಕರೆ, ಹೊಟ್ಟೆ ಬೊಜ್ಜು ಎಲ್ಲ ಜೊತೆಯಾಗಿ ಬರುತ್ತವೆ. ಅಮೆರಿಕದ ಬಫಲೋ ನಗರದ ಪೊಲೀಸರನ್ನು ಜಾನ್ ವಯೊಲಾಂಟಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದು ಇದನ್ನೇ. ವಯೊಲಾಂಟಿ ಪ್ರೊಫೆಸರ್ ಆಗುವ ಮೊದಲು ಸ್ವತಃ ನ್ಯೂಯಾರ್ಕ್ ರಾಜ್ಯ ಪೊಲೀಸ್‌ನಲ್ಲಿದ್ದವರು. ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೊಮ್ಮೆ ನೋಡಿ ಅಲ್ಲೇ ಉಳಿಸಿತು.

ಇಷ್ಟೆಲ್ಲ ಅಮೆರಿಕ ಯುರೋಪಿನ ಪಾಳಿಗಳ ಕಥೆ. ಅಲ್ಲಿ ಪಾಳಿ ಅಂದರೆ ಎಂಟು, ಹತ್ತು, ಹನ್ನೆರಡು ಗಂಟೆ, ಆಮೇಲೆ ಮನೆ. ನಮ್ಮಲ್ಲಿ ಸಮಸ್ಯೆ ಪಾಳಿ ಅಲ್ಲವೇ ಅಲ್ಲ, ಪಾಳಿ ಇಲ್ಲದಿರುವುದು. ಇದನ್ನು ಓದಿದಾಗ ನಾನು ನಿಜಕ್ಕೂ ಒಂದು ನಿಮಿಷ ಸುಮ್ಮನೆ ಕೂತೆ.

1861ರ ಪೊಲೀಸ್ ಕಾಯ್ದೆ ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನು ಅಂತಲೇ ಪರಿಗಣಿಸಿತು. ಸಿಪಾಯಿ ದಂಗೆಯಾಗಿ ನಾಲ್ಕು ವರ್ಷವಾಗಿತ್ತು, ಬ್ರಿಟಿಷರಿಗೆ ಬೇಕಾಗಿದ್ದದ್ದು ಕರೆದಾಗ ಓಡಿಬರುವ ಪಡೆ. ಆ ಮನೋಭಾವ ಇನ್ನೂ ಹೋಗಿಲ್ಲ. 2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನಾ ಬ್ಯೂರೋಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಒಂದು ಅಧ್ಯಯನ ಮಾಡಿತು. ಠಾಣೆಯ ಸಿಬ್ಬಂದಿಯಲ್ಲಿ ಶೇಕಡಾ 90ರಷ್ಟು ಜನ ದಿನಕ್ಕೆ ಎಂಟು ಗಂಟೆ ಮೀರಿ ದುಡಿಯುತ್ತಾರೆ. ತಮ್ಮ ಸಿಬ್ಬಂದಿ ಹನ್ನೊಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಕೆಲಸ ಮಾಡುತ್ತಾರೆ ಅಂತ ಹೇಳಿದ ಠಾಣಾಧಿಕಾರಿಗಳು ಶೇಕಡಾ 68ಕ್ಕೂ ಹೆಚ್ಚು. ಶೇಕಡಾ 73.6 ಸಿಬ್ಬಂದಿಗೆ ತಿಂಗಳಿಗೆ ಒಂದು ವಾರದ ರಜೆಯೂ ಸಿಗುತ್ತಿರಲಿಲ್ಲ. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ದೇಶದುದ್ದಕ್ಕೂ ಪೊಲೀಸರನ್ನೇ ಮಾತಾಡಿಸಿ ತಂದ ವರದಿಯಲ್ಲಿ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ.

14 ಗಂಟೆ, ಏಳು ದಿನ. 98. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ವಾರಕ್ಕೆ 90 ಗಂಟೆ ದುಡಿಯಿರಿ ಅಂದಾಗ ನಾವೆಲ್ಲ ವಾರಗಟ್ಟಲೆ ಮೀಮು ಮಾಡಿ ನಕ್ಕೆವು. ನಮ್ಮ ಆಫೀಸಿನ ಗೇಟಿನಾಚೆ ಸಿಗ್ನಲ್ಲಿನಲ್ಲಿ ನಿಂತವರಿಗೆ ಆ ಜೋಕು ಹೇಗೆ ಕೇಳಿಸಿತೋ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಲೆಕ್ಕಕ್ಕೆ ಬರುತ್ತೇನೆ. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಅನ್ನುವ ಇಬ್ಬರು 'ನೇಚರ್' ಪತ್ರಿಕೆಯಲ್ಲಿ ಪುಟ್ಟದೊಂದು ಪ್ರಯೋಗ ಪ್ರಕಟಿಸಿದರು. ಒಂದೇ ಗುಂಪಿನ ಜನರನ್ನು ಒಂದು ಸಲ ನಿದ್ದೆಗೆಡಿಸಿ, ಇನ್ನೊಂದು ಸಲ ಹಂತಹಂತವಾಗಿ ಮದ್ಯ ಕುಡಿಸಿ, ಕಣ್ಣು ಕೈ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತವೆ ಅಂತ ಅಳೆದರು. 17 ಗಂಟೆ ಸತತ ಎಚ್ಚರವಿದ್ದವನ ಸಾಮರ್ಥ್ಯ, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವನ ಮಟ್ಟಕ್ಕೆ ಇಳಿದಿತ್ತು. 24 ಗಂಟೆಗೆ ಅದು ಹೆಚ್ಚುಕಡಿಮೆ 0.10.

ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಕುಡಿದು ಓಡಿಸುವುದಕ್ಕೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಂದರೆ 0.03.

14 ಗಂಟೆ ಡ್ಯೂಟಿ ಮಾಡುವವರು ಎದ್ದು, ತಯಾರಾಗಿ, ಠಾಣೆ ತಲುಪಿ, ಆಮೇಲೆ 14 ಗಂಟೆ. ಡ್ಯೂಟಿಯ ಕೊನೆಗೆ ಅವರು ಎಚ್ಚರವಿದ್ದು ಹದಿನಾರು ಹದಿನೇಳು ಗಂಟೆ ಆಗಿರುತ್ತೆ. ಶನಿವಾರ ರಾತ್ರಿ ರಸ್ತೆಯಲ್ಲಿ ನಮ್ಮ ಬಾಯಿಗೆ ಊದುವ ಯಂತ್ರ ಹಿಡಿಯುವವರ ಕೈ ಕಣ್ಣುಗಳ ಪರಿಸ್ಥಿತಿ, ಅವರು ಹಿಡಿಯಬೇಕಾದವನಿಗಿಂತ ಕೆಟ್ಟದಾಗಿರುವ ಸಾಧ್ಯತೆ ಇದೆ. ಯಂತ್ರ ಮಾತ್ರ ಅದನ್ನು ತೋರಿಸುವುದಿಲ್ಲ. ತಪಾಸಣೆ ಮುಗಿಸಿ ಅವರೂ ಬೈಕ್ ಹತ್ತಿ ಮನೆಗೆ ಹೋಗಬೇಕು.

ಉತ್ಪ್ರೇಕ್ಷೆ ಅನ್ನಬೇಡಿ. 2011ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಅಮೆರಿಕ ಮತ್ತು ಕೆನಡಾದ 4,957 ಪೊಲೀಸರ ಅಧ್ಯಯನ ಬಂತು. ಶೇಕಡಾ 40ರಷ್ಟು ಜನರಲ್ಲಿ ಒಂದಲ್ಲ ಒಂದು ನಿದ್ರಾದೋಷದ ಲಕ್ಷಣ. ತಿಂಗಳಿಗೆ ಒಮ್ಮೆಯಾದರೂ ವಾಹನ ಓಡಿಸುತ್ತಲೇ ನಿದ್ದೆ ಹೋಗುತ್ತೇವೆ ಅಂದವರು ಶೇಕಡಾ 26. ನನ್ನ ಸಹೋದ್ಯೋಗಿಗೆ ನಾನು ಓದಿ ಹೇಳಿದ್ದು ಅದರ ಇನ್ನೊಂದು ಸಾಲಿನ ಸಾರ: ನಿದ್ರಾದೋಷ ಇದ್ದವರು ಶಂಕಿತರ ಮೇಲೆ, ಸಾರ್ವಜನಿಕರ ಮೇಲೆ ಹಿಡಿತ ತಪ್ಪಿ ಸಿಟ್ಟಾಗಿದ್ದು ಇಲ್ಲದವರಿಗಿಂತ ಹೆಚ್ಚು. ಅವನು "ಹಾಗಾದ್ರೆ ಅವರು ಬೈದಿದ್ದು ಸರಿನಾ?" ಅಂದ. ಸರಿಯಲ್ಲ. ಆದರೆ ಕಾರಣ ಗೊತ್ತಿದ್ದರೆ ಸರಿಪಡಿಸಬಹುದು, 'ಹುಟ್ಟಾ ಒರಟರು' ಅಂದುಬಿಟ್ಟರೆ ಏನೂ ಮಾಡಲಿಕ್ಕಾಗುವುದಿಲ್ಲ.

ಇಲ್ಲೊಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಜಗಳ ಗ್ಯಾರಂಟಿ. ಲಂಚ ತೆಗೆದುಕೊಳ್ಳೋದಕ್ಕೆ ನಿದ್ದೆ ಕಾರಣ ಅಲ್ಲ. ಲಾಕಪ್ಪಿನಲ್ಲಿ ಹೊಡೆಯೋದಕ್ಕೂ ನಿದ್ದೆಯ ನೆಪ ನಾನು ಒಪ್ಪುವುದಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಬಂದು ಹೊಡೆಯುವವರೂ ಇದ್ದಾರೆ. ನಾನು ಹೇಳುತ್ತಿರುವುದು ದಿನನಿತ್ಯದ ಸಣ್ಣ ನಿರ್ಧಾರಗಳ ಬಗ್ಗೆ. ದೂರು ತಗೊಳ್ಳಬೇಕೋ ನಾಳೆ ಬಾ ಅನ್ನಬೇಕೋ, ಈ ಹುಡುಗನ ಮಾತು ನಂಬಬೇಕೋ ಬೇಡವೋ, ಲಾಠಿ ಎತ್ತಬೇಕೋ ಒಂದು ಹೆಜ್ಜೆ ಹಿಂದೆ ಸರಿಯಬೇಕೋ. ಎರಡು ವರ್ಷದ ಹಿಂದೆ ಫೋನ್ ಕಳೆದುಹೋಗಿದೆ ಅಂತ ರಾತ್ರಿ ಹನ್ನೊಂದರ ಮೇಲೆ ಒಂದು ಠಾಣೆಗೆ ಹೋಗಿದ್ದೆ. ಬರೆದುಕೊಳ್ಳುತ್ತಿದ್ದವರು ನನ್ನ ಹೆಸರನ್ನು ಮೂರು ಸಲ ಕೇಳಿದರು, ಮೂರು ಸಲವೂ ಬೇರೆ ಬೇರೆಯಾಗಿ ಬರೆದರು, ಕೊನೆಗೆ ಕಾಗದವನ್ನು ನನ್ನ ಕೈಗೇ ಕೊಟ್ಟು "ನೀವೇ ಬರ್ದ್ಬಿಡಿ ಸಾರ್, ಕಣ್ಣು ಕಾಣ್ತಿಲ್ಲ" ಅಂದರು. ನನಗೇನೋ ಬರೆಯಲು ಬರುತ್ತೆ, ಕಳೆದದ್ದೂ ಬರೀ ಫೋನು. ಗಂಡನಿಂದ ಹೊಡೆಸಿಕೊಂಡು ಬಂದ, ಓದು ಬರಹ ಬಾರದ ಹೆಣ್ಣುಮಗಳು ಆ ಹೊತ್ತಿನಲ್ಲಿ ಅದೇ ಮೇಜಿನ ಮುಂದೆ ನಿಂತಿದ್ದರೆ?

ನಮ್ಮ ಕೆಲಸದಲ್ಲಿ ನಿದ್ದೆಗಣ್ಣಲ್ಲಿ ತಪ್ಪು ಕೋಡ್ ಹಾಕಿದರೆ ಹಿಂದಿನ ವರ್ಷನ್ನಿಗೆ ವಾಪಸ್ ಹೋಗಬಹುದು. ಬೀಸಿದ ಲಾಠಿಗೆ ಆ ಸೌಲಭ್ಯ ಇಲ್ಲ.

"ಜನ ಸಾಲದು, ಏನ್ ಮಾಡೋದು" ಅನ್ನುವುದು ಮಾಮೂಲಿ ಉತ್ತರ. ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ಒಬ್ಬರು ಎಂಟು ಗಂಟೆಯಂತೆ ಆರು ದಿನ ಅಂದರೆ 48. ಇಪ್ಪತ್ನಾಲ್ಕು ಗಂಟೆಯೂ ಯಾರಾದರೂ ಇರಲೇಬೇಕಾದ ಒಂದು ಜಾಗಕ್ಕೆ, ಉದಾಹರಣೆಗೆ ಠಾಣೆಯ ಸೆಂಟ್ರಿಗೆ, ಮೂರೂವರೆ ಜನ ಬೇಕು. ರಜೆ, ತರಬೇತಿ, ಜ್ವರ ಎಲ್ಲ ಸೇರಿಸಿದರೆ ನಾಲ್ಕು ದಾಟುತ್ತೆ. ಇಬ್ಬರನ್ನು ಹಾಕಿ ಹನ್ನೆರಡು ಹನ್ನೆರಡು ಅಂದರೆ ರಜೆಗೆ ಜಾಗವೇ ಇಲ್ಲ. 2014ರ ಅದೇ ವರದಿ ಎಂಟು ಗಂಟೆಯ ಪಾಳಿಗೆ ಆಗಿನ ಮಂಜೂರಾದ ಬಲದ 1.68 ಪಟ್ಟು ಬೇಕು ಅಂತ ಹೇಳಿತು. ಈಚಿನ ವರ್ಷಗಳಲ್ಲಿ ದೇಶದಲ್ಲಿ ಮಂಜೂರಾದ ಪೊಲೀಸ್ ಹುದ್ದೆಗಳಲ್ಲೇ ಸುಮಾರು ಐದರಲ್ಲೊಂದು ಖಾಲಿ. ಹಾಗಾಗಿ ಜನ ಸಾಲದು ಅನ್ನುವುದು ಸುಳ್ಳಲ್ಲ.

ಆದರೆ ಮುಂಬೈನಲ್ಲಿ ನಡೆದದ್ದು ನೋಡಿ. ದೇವನಾರ್ ಠಾಣೆಯ ಕಾನ್‌ಸ್ಟೇಬಲ್ ಒಬ್ಬರು ಕೂತು ಲೆಕ್ಕ ಹಾಕಿ, ಇರುವ ಜನರಲ್ಲೇ ಎಂಟು ಗಂಟೆಯ ಮೂರು ಪಾಳಿ ಹೇಗೆ ಮಾಡಬಹುದು ಅಂತ ಪಟ್ಟಿ ಮಾಡಿ ಮೇಲಧಿಕಾರಿಗಳಿಗೆ ಕೊಟ್ಟರು. ಆಗಿನ ಕಮಿಷನರ್ ದತ್ತಾತ್ರೇಯ ಪಡಸಲಗೀಕರ್ ಅದನ್ನು ಕಸದಬುಟ್ಟಿಗೆ ಹಾಕಲಿಲ್ಲ. 2016ರ ಮೇನಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಶುರುವಾಯಿತು, 2017ರ ಜನವರಿಯಲ್ಲಿ ನಗರದ ಎಲ್ಲ ಠಾಣೆಗಳಿಗೂ ಬಂತು. 2020ರಲ್ಲಿ ಕೊರೊನಾ ಬಂದು ಈ ಶಿಸ್ತು ಮುರಿಯಿತು, 2022ರ ಜನವರಿಯಲ್ಲಿ ಮಹಾರಾಷ್ಟ್ರ ಮಹಿಳಾ ಸಿಬ್ಬಂದಿಗೆ ಎಂಟು ಗಂಟೆ ಅಂತ ಬೇರೆಯದೇ ಆದೇಶ ಹೊರಡಿಸಬೇಕಾಯಿತು. ಒಬ್ಬ ಕಮಿಷನರ್ ಮನಸ್ಸು ಮಾಡಿದ್ದಕ್ಕೆ ಬಂದದ್ದು ಮತ್ತೊಂದು ತುರ್ತಿಗೆ ಹೋಗಿಬಿಡುತ್ತೆ. ಸೋಲಿ ಸೊರಾಬ್ಜಿ ಸಮಿತಿಯ 2006ರ ಮಾದರಿ ಪೊಲೀಸ್ ಕಾಯ್ದೆಯಲ್ಲಿ ಡ್ಯೂಟಿ ಸಾಮಾನ್ಯವಾಗಿ ಎಂಟು ಗಂಟೆ ಮೀರದಂತೆ ನೋಡಿಕೊಳ್ಳಬೇಕು ಅನ್ನುವ ಸಾಲು ಇತ್ತು. ಅದು ಮಾದರಿ, ಅಷ್ಟೇ.

ಇನ್ನು ಎಂಟು ಅನ್ನುವ ಸಂಖ್ಯೆಯಲ್ಲೂ ಮಂತ್ರವೇನಿಲ್ಲ. ಅಮೆರಿಕದ ಪೊಲೀಸ್ ಫೌಂಡೇಶನ್ ಡೆಟ್ರಾಯಿಟ್ ಮತ್ತು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಎಂಟು, ಹತ್ತು, ಹನ್ನೆರಡು ಗಂಟೆಯ ಪಾಳಿಗಳನ್ನು ಹೋಲಿಸಿ 2011ರಲ್ಲಿ ಫಲಿತಾಂಶ ಕೊಟ್ಟಿತು. ಹತ್ತು ಗಂಟೆಯವರು ಎಂಟು ಗಂಟೆಯವರಿಗಿಂತ ದಿನಕ್ಕೆ ಅರ್ಧ ಗಂಟೆ ಹೆಚ್ಚು ಮಲಗುತ್ತಿದ್ದರು, ಓವರ್‌ಟೈಮ್ ತುಂಬಾ ಕಡಿಮೆ. ಹನ್ನೆರಡಕ್ಕೆ ಹೋದರೆ ತೂಕಡಿಕೆ ಜಾಸ್ತಿ. ಪಾಳಿ ಬದಲಾಗುವ ದಿಕ್ಕೂ ಮುಖ್ಯ. ಬೆಳಿಗ್ಗೆಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಹೋದರೆ ದೇಹಕ್ಕೆ ಸುಲಭ, ಯಾಕೆಂದರೆ ಒಳಗಿನ ಗಡಿಯಾರ 24 ಗಂಟೆಗಿಂತ ತುಸು ಉದ್ದ, ತಡವಾಗುವುದು ಅದಕ್ಕೆ ಇಷ್ಟ. ಸ್ಟಾಕ್‌ಹೋಮಿನ ಪೊಲೀಸರ ಮೇಲೆ 1983ರಲ್ಲೇ ಇದನ್ನು ಪರೀಕ್ಷಿಸಿ ನಿದ್ದೆಯೂ ಸುಧಾರಿಸುತ್ತೆ, ರಕ್ತದಲ್ಲಿನ ಕೊಬ್ಬು ಸಕ್ಕರೆಯೂ ಇಳಿಯುತ್ತವೆ ಅಂತ ತೋರಿಸಿದ್ದರು. ದಿಕ್ಕು ಬದಲಿಸೋದಕ್ಕೆ ಒಬ್ಬೇ ಒಬ್ಬ ಹೊಸ ಕಾನ್‌ಸ್ಟೇಬಲ್ ಬೇಕಾಗಿಲ್ಲ, ಒಂದು ಸ್ಪ್ರೆಡ್‌ಶೀಟ್ ಸಾಕು.

ನಿಜವಾಗಿ ಕಷ್ಟವಾದದ್ದು ತನಿಖೆ. ನನ್ನ ಟಿಕೆಟ್ಟನ್ನು ಮುಂದಿನ ಪಾಳಿಯವನಿಗೆ ಎರಡು ಸಾಲು ಬರೆದು ದಾಟಿಸಬಹುದು. ಕೊಲೆ ಕೇಸಿನ ತನಿಖಾಧಿಕಾರಿ ಎಂಟು ಗಂಟೆ ಆಯ್ತು ಅಂತ ಸಾಕ್ಷಿಯನ್ನು ಅರ್ಧಕ್ಕೆ ಬಿಟ್ಟು ಹೋಗಲಾರ. ರಾತ್ರಿ ಗಸ್ತು ಮುಗಿಸಿದವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟಿನಲ್ಲಿ ಸಾಕ್ಷಿ ಹೇಳುವುದಿರುತ್ತೆ, ನ್ಯಾಯಾಲಯ ಅವರ ಪಾಳಿ ನೋಡಿ ದಿನಾಂಕ ಕೊಡುವುದಿಲ್ಲ. ಅದರ ಮೇಲೆ ಬಂದೋಬಸ್ತ್: ಗಣೇಶ, ದಸರಾ, ಹೊಸ ವರ್ಷ, ಚುನಾವಣೆ, ಮಂತ್ರಿ ಬರುವ ರಸ್ತೆ. ಮೊದಲು ರದ್ದಾಗುವುದು ವಾರದ ರಜೆ. ಮಂತ್ರಿಗಾಗಿ ರಸ್ತೆಯುದ್ದಕ್ಕೂ ನಿಲ್ಲಿಸುವುದನ್ನು ಅರ್ಧ ಮಾಡಿದರೂ ಎಷ್ಟೋ ಜನ ಮನೆಗೆ ಹೋಗಿ ಮಲಗಬಹುದು ಅಂತ ನನಗನ್ನಿಸುತ್ತೆ. ಅದಕ್ಕೆ ಬೇಕಾದ್ದು ದುಡ್ಡಲ್ಲ.

2025ರ ಜೂನ್ 3ರ ರಾತ್ರಿ ನೆನಪಿದೆಯಲ್ಲ? ಆರ್‌ಸಿಬಿ ಕಪ್ ಗೆದ್ದ ರಾತ್ರಿ. ನಮ್ಮ ಬೀದಿಯಲ್ಲಿ ಎರಡು ಗಂಟೆಯವರೆಗೂ ಪಟಾಕಿ. ಬೆಂಗಳೂರಿನ ರಸ್ತೆಗಳಲ್ಲಿ ಆ ರಾತ್ರಿ ಜನರನ್ನು ಕಾಯ್ದ ಪಡೆಯೇ ಮರುದಿನ ವಿಧಾನಸೌಧ, ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನರ ಮುಂದೆ ನಿಂತಿತು. 11 ಜನ ಸತ್ತರು. ನಿದ್ದೆಗೆಟ್ಟದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ತಪ್ಪುಗಳ ಸಾಲೇ ಇತ್ತು, ಅದನ್ನು ನೋಡೋಕೆ ತನಿಖೆಗಳಾದವು. ಆದರೆ ಸಂಭ್ರಮವನ್ನು ಮರುದಿನವೇ ಇಟ್ಟುಕೊಳ್ಳುವ ತೀರ್ಮಾನ ಆದಾಗ, ಅಲ್ಲಿ ನಿಲ್ಲಬೇಕಾದವರು ಹಿಂದಿನ ರಾತ್ರಿ ಮಲಗಿದ್ದಾರೋ ಇಲ್ಲವೋ ಅನ್ನುವುದು ಲೆಕ್ಕದಲ್ಲಿರಬೇಕಿತ್ತು. ಜುಲೈನಲ್ಲಿ ಅಮಾನತಾದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಪೊಲೀಸರೂ ಮನುಷ್ಯರೇ ಅಂತ ತನ್ನ ಆದೇಶದಲ್ಲಿ ನೆನಪಿಸಬೇಕಾಯಿತು. ಆದೇಶದಲ್ಲಿ ಬರೆದು ಹೇಳಬೇಕಾದ ಸಂಗತಿಯೇ ಅದು!

ಪೊಲೀಸರು ತಾವೇ ಯಾಕೆ ಕೇಳೋಲ್ಲ ಅಂದರೆ, ಕೇಳೋ ಹಾಗಿಲ್ಲ. 1966ರ ಕೇಂದ್ರ ಕಾಯ್ದೆಯೊಂದು ಪೊಲೀಸರು ಸಂಘ ಕಟ್ಟುವುದಕ್ಕೆ, ಪತ್ರಿಕೆಯ ಮುಂದೆ ಹೋಗುವುದಕ್ಕೆ ಬೇಲಿ ಹಾಕಿದೆ. ನಮ್ಮಲ್ಲೇ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆ ಅಂತ ಕರ್ನಾಟಕದ ಪೊಲೀಸರು ಹೊರಟಾಗ ಕರೆ ಕೊಟ್ಟವರ ಮೇಲೆ ಬಿದ್ದದ್ದು ದೇಶದ್ರೋಹದ ಕೇಸು. ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳ, ಇಷ್ಟೇ ಇದ್ದದ್ದು ಬೇಡಿಕೆ. ಔರಾದ್ಕರ್ ಸಮಿತಿಯ ವರದಿಯಿಂದ ಮುಂದೆ 2019ರಲ್ಲಿ ಸಂಬಳ ಸ್ವಲ್ಪ ಸುಧಾರಿಸಿತು. 2025ರಲ್ಲಿ ಕಾನ್‌ಸ್ಟೇಬಲ್‌ಗಳ ಆ ಹಳೇ ಸ್ಲೌಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು, ಒಳ್ಳೆಯದೇ ಆಯಿತು, ನೋಡೋಕೂ ಚೆನ್ನಾಗಿದೆ. ಟೋಪಿಯ ಕೆಳಗಿನ ತಲೆಗೆ ಎಷ್ಟು ಗಂಟೆ ನಿದ್ದೆ ಅನ್ನುವ ವಿಷಯಕ್ಕೆ ಅಷ್ಟು ದೊಡ್ಡ ಸಮಾರಂಭ ಆದದ್ದು ನಾನು ಕಾಣೆ.

ಇನ್ನೊಂದು ಕಿರಿಕಿರಿ ನನಗೆ ಈ ಹೊಗಳಿಕೆಯ ಬಗ್ಗೆ. ಹಬ್ಬದ ದಿನ ಫೇಸ್‌ಬುಕ್ಕಿನಲ್ಲಿ "ನಾವು ಹಬ್ಬ ಮಾಡಲಿ ಅಂತ 24 ಗಂಟೆ ನಿಂತ ಆರಕ್ಷಕರಿಗೆ ನಮನ" ಅಂತ ಕೈಮುಗಿದ ಚಿತ್ರ ಬರುತ್ತೆ. ನಾವು ಲೈಕ್ ಒತ್ತುತ್ತೇವೆ. 24 ಗಂಟೆ ಎಚ್ಚರವಿದ್ದ ಪೈಲಟ್‌ಗೆ ನಾವು ನಮನ ಹೇಳುವುದಿಲ್ಲ, ವಿಮಾನದಿಂದ ಇಳಿದುಬಿಡುತ್ತೇವೆ. ಪೈಲಟ್‌ಗೆ ಹಾರಾಟದ ಗಂಟೆಗಳ ಮಿತಿ ಇದೆ, ವಿಶ್ರಾಂತಿಯ ನಿಯಮ ಇದೆ. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಎಫ್‌ಐಆರ್ ಬರೆಯುವ ಅಧಿಕಾರ ಇರುವವರಿಗೆ ಮಾತ್ರ ತ್ಯಾಗ ಅನ್ನುವ ಬಿರುದು.

ಆಯಿತು, ನನಗೆ ಗೊತ್ತಿದ್ದದ್ದು ಇಷ್ಟು. ನಿಮ್ಮಲ್ಲಿ ಯಾರ ಅಪ್ಪ, ಅಣ್ಣ, ಅತ್ತಿಗೆ ಪೊಲೀಸ್ ಇಲಾಖೆಯಲ್ಲಿದ್ದರೆ ಹೆಸರು ಊರು ಬೇಡ, ನಿಮ್ಮ ಕಡೆ ಹೇಗೆ ಅನ್ನುವುದನ್ನು ಕೆಳಗೆ ಬರೆಯಿರಿ: ಮುಂದಿನ ವಾರದ ಪಾಳಿ ಎಷ್ಟು ದಿನ ಮೊದಲು ಗೊತ್ತಾಗುತ್ತೆ, ಕಳೆದ ತಿಂಗಳು ಎಷ್ಟು ವಾರದ ರಜೆ ನಿಜವಾಗಿ ಸಿಕ್ಕಿತು, ಸಿಕ್ಕಿದ ರಜೆಯಲ್ಲಿ ಎಷ್ಟು ಸಲ ಫೋನ್ ಬಂದು ವಾಪಸ್ ಹೋದರು. ನಾಲ್ಕಾರು ಜಿಲ್ಲೆಯಿಂದ ಬಂದರೂ ಸಾಕು, ಒಂದು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ.